ಪೆಟ್ಟು ತಿಂದವರೇ ಹೋಗಿ ಏಕೆ ಹೇಳಬೇಕು?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಯಹೂದಿ ಹುಡುಗ ಹುಡುಗಿಯರ ಬಗ್ಗೆ ಬರೆದಿದ್ದೆವು. ಅವರು ಬೇರೆ ಶಾಲೆಗಳಿಗೆ ಹೋಗಿ ತಮ್ಮ ಹಬ್ಬ, ಊಟ, ಪ್ರಾರ್ಥನೆಯ ವಿಷಯ ಹೇಳುತ್ತಾರೆ. ಅದನ್ನು ಓದಿ ದಾವಣಗೆರೆ ಕಡೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಅವರು ಕೇಳಿರುವುದು ಇಷ್ಟು: "ಪೆಟ್ಟು ತಿಂದವರೇ ಮನೆಮನೆಗೆ ಹೋಗಿ 'ನಾವು ಕೆಟ್ಟವರಲ್ಲ' ಅಂತ ಹೇಳಿಕೊಳ್ಳಬೇಕಾ? ಹೇಳಿಕೊಂಡರೆ ದ್ವೇಷ ಇಳಿಯುತ್ತದಾ? ಗಾಜಾ ನೋಡಿ ಇಸ್ರೇಲ್ ಮೇಲೆ ಸಿಟ್ಟು ಬಂದರೆ ಅದೂ ಯಹೂದಿ ದ್ವೇಷವಾ? ಅಷ್ಟಕ್ಕೂ ನಮ್ಮ ಕಡೆ ಯಹೂದಿಗಳೇ ಇಲ್ಲ. ನನ್ನ ಹತ್ತನೇ ತರಗತಿ ಮಕ್ಕಳಿಗೆ ಇದನ್ನು ಯಾಕೆ ಹೇಳಲಿ?"

ಪ್ರಿಯ ಮೇಷ್ಟ್ರೇ,

ನಿಮ್ಮ ಮೊದಲ ಪ್ರಶ್ನೆ ನ್ಯಾಯವಾದದ್ದು. ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತಪ್ಪು ಮಾಡದವನು ತಾನು ಒಳ್ಳೆಯವನೆಂದು ಸಾಬೀತು ಮಾಡುತ್ತಾ ತಿರುಗುವುದು ಅವಮಾನವೇ. ಆದರೆ ಸೇಂಟ್ ಲೂಯಿಸ್‌ನಲ್ಲಿ ನಡೆಯುವುದು ಅದಲ್ಲ.

ಯಹೂದಿಗಳಿಗೂ ಬೇರೆ ಸಮುದಾಯಗಳಿಗೂ ನಡುವೆ ಸಂಬಂಧ ಬೆಳೆಸುವ ಅಲ್ಲಿನ ಸಂಸ್ಥೆ, ಜ್ಯೂಯಿಷ್ ಕಮ್ಯುನಿಟಿ ರಿಲೇಷನ್ಸ್ ಕೌನ್ಸಿಲ್, 1992ರಲ್ಲಿ 'ಸ್ಟೂಡೆಂಟ್ ಟು ಸ್ಟೂಡೆಂಟ್' ಎಂಬ ಈ ಕಾರ್ಯಕ್ರಮ ಶುರು ಮಾಡಿತು. ಯಹೂದಿ ಮಕ್ಕಳು ಕಡಿಮೆ ಇರುವ, ಅಥವಾ ಇಲ್ಲವೇ ಇಲ್ಲದ ಶಾಲೆಗಳಿಗೆ ಮೂರು ನಾಲ್ಕು ಮಂದಿಯ ತಂಡ ಹೋಗುತ್ತದೆ. ತಂಡದಲ್ಲಿ ಬೇರೆ ಬೇರೆ ಪಂಥದವರು ಇರುವಂತೆ ನೋಡಿಕೊಳ್ಳುತ್ತಾರೆ. ನನಗೆ ತುಂಬ ಹಿಡಿಸಿದ್ದು ಇದೇ. ಒಬ್ಬಳ ಮನೆಯಲ್ಲಿ ಯಹೂದಿಗಳ ವಿಶ್ರಾಂತಿ ದಿನವಾದ ಶನಿವಾರ ಫೋನ್ ಮುಟ್ಟುವಂತಿಲ್ಲ. ಇನ್ನೊಬ್ಬ ಅದೇ ದಿನ ಗೆಳೆಯರ ಜೊತೆ ಆಟಕ್ಕೆ ಹೋಗುತ್ತಾನೆ. ಒಬ್ಬರದು ಕಟ್ಟುನಿಟ್ಟಾದ ಕೋಷರ್, ಅಂದರೆ ಯಹೂದಿ ಆಹಾರ ನಿಯಮದ, ಅಡುಗೆಮನೆ, ಇನ್ನೊಬ್ಬರದು ಅಲ್ಲ. ಇಂಥ ವ್ಯತ್ಯಾಸಗಳು ತರಗತಿಯ ಎದುರೇ ಬಿಚ್ಚಿಕೊಂಡಾಗ 'ಯಹೂದಿಗಳೆಂದರೆ ಹೀಗೆ' ಅನ್ನುವ ಮಾತಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಯಾರೂ ಸಮಾಜದ ವಕೀಲರಾಗಿ ಬಂದಿಲ್ಲ. ತಮ್ಮ ವಯಸ್ಸಿನವರ ಎದುರು, ತಮ್ಮ ಮನೆಯ ಮಾತು ಹೇಳಲು ಬಂದಿದ್ದಾರೆ ಅಷ್ಟೆ.

ಇದರಿಂದ ದ್ವೇಷ ಇಳಿಯುತ್ತದಾ? ಇಷ್ಟರಿಂದಲೇ ಇಳಿಯುವುದಿಲ್ಲ. ಪರಿಚಯವೊಂದೇ ಸಾಕಾಗಿದ್ದರೆ ನಾಜಿಗಳ ಕಾಲದ ಜರ್ಮನಿಯಲ್ಲಿ ಏನೂ ಆಗಬಾರದಿತ್ತು. ಅಲ್ಲಿನ ಯಹೂದಿಗಳು ಅಪರಿಚಿತರಾಗಿರಲಿಲ್ಲ. ಪಕ್ಕದ ಮನೆಯವರು, ಅಂಗಡಿಯವರು, ಡಾಕ್ಟರು, ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿದ ಸೈನಿಕರು. 1938ರ ನವೆಂಬರ್ 9ರ ರಾತ್ರಿ ಸಿನಗಾಗ್‌ಗಳಿಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ, ಬೆಂಕಿ ಬಿದ್ದಾಗ, ಚೆನ್ನಾಗಿ ಪರಿಚಯ ಇದ್ದ ಜನರೇ ಬೀದಿಯಲ್ಲಿ ನಿಂತು ನೋಡಿದರು. ಕೆಲವರು ಕೈಯನ್ನೂ ಹಾಕಿದರು. ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಕೇಳುತ್ತೇನೆ. ಪರಿಚಯ ಆದ ಮೇಲೆ ಪಕ್ಕದವರು ಏನು ಮಾಡಬೇಕು? ಕಮ್ಯುನಿಟಿ ರಿಲೇಷನ್ಸ್ ಅನ್ನುವ ಕೆಲಸದ ಅರ್ಧ ಭಾಗ ಇರುವುದು ಇಲ್ಲಿ. ಹೊರಗಿನವರ ಕಣ್ಣಿಗೆ ಬೀಳುವುದು ಶಾಲೆಯ ಭಾಷಣ ಮಾತ್ರ.

ಮಿನಿಯಾಪೊಲಿಸ್ ನಗರದ ಕತೆ ಕೇಳಿ. 1946ರಲ್ಲಿ ಕೇರಿ ಮ್ಯಾಕ್‌ವಿಲಿಯಮ್ಸ್ ಎಂಬ ಪತ್ರಕರ್ತ ಆ ಊರನ್ನು ಅಮೆರಿಕದ ಯಹೂದಿ ದ್ವೇಷದ ರಾಜಧಾನಿ ಎಂದು ಕರೆದರು. ಆಗ ಅಲ್ಲಿನ ರೋಟರಿ, ಲಯನ್ಸ್ ಕ್ಲಬ್‌ಗಳು ಯಹೂದಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕಾರು ಇಟ್ಟವರ ಸಂಘ ಕೂಡ ಸೇರಿಸುತ್ತಿರಲಿಲ್ಲ. ಯಹೂದಿ ಡಾಕ್ಟರುಗಳಿಗೆ ಊರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಲು ಜಾಗ ಸಿಗುವುದು ಕಷ್ಟವಾಗಿತ್ತು. 'ಸಿಲ್ವರ್ ಶರ್ಟ್ಸ್' ಎಂಬ ನಾಜಿ ಮನಸ್ಸಿನ ಗುಂಪು 1930ರ ದಶಕದಲ್ಲೇ ಅಲ್ಲಿ ಸಭೆ ನಡೆಸುತ್ತಿತ್ತು.

ಇದಕ್ಕೆ ಎದುರಾಗಿ ಆ ನಗರ ಇರುವ ಮಿನೆಸೋಟ ರಾಜ್ಯದ ಯಹೂದಿಗಳು ಒಂದು ಪುಟ್ಟ ಕಚೇರಿ ಕಟ್ಟಿದ್ದರು. ಸ್ಯಾಮ್ಯುಯೆಲ್ ಶೈನರ್ ಎಂಬ ವಕೀಲರು 1939ರಿಂದ ಅದನ್ನು ನಡೆಸಿದರು. ಅವರ ಕೆಲಸದಲ್ಲಿ ದೊಡ್ಡ ಭಾಷಣ ಕಡಿಮೆ, ಕಡತ ಜಾಸ್ತಿ. ಯಾವ ಸಭೆಯಲ್ಲಿ ಯಾರು ಏನು ಅಂದರು, ಯಾವ ಕೆಲಸದಿಂದ ಯಾರನ್ನು ದೂರ ಇಟ್ಟರು, ಎಲ್ಲವನ್ನೂ ಬರೆದಿಟ್ಟುಕೊಂಡರು. ದೂರು ಬಂದರೆ ಹೋಗಿ ಮಾತಾಡಿದರು. ಹೀಗೆ ಕೂಡಿಟ್ಟ ಪುರಾವೆ ಮುಂದೆ ಉಪಯೋಗಕ್ಕೆ ಬಂತು. 1945ರಲ್ಲಿ ಹ್ಯೂಬರ್ಟ್ ಹಂಫ್ರಿ ಎಂಬ ತರುಣ ಮೇಯರ್ ಆದರು. ಕಪ್ಪುಜನರ ಪತ್ರಿಕೆಯ ಸಂಪಾದಕ ಸೆಸಿಲ್ ನ್ಯೂಮನ್, ಚರ್ಚಿನವರು, ಯಹೂದಿ ಮುಖಂಡರು ಅವರ ಬೆನ್ನಿಗೆ ನಿಂತರು. 1947ರಲ್ಲಿ ಕೆಲಸ ಕೊಡುವಾಗ ಜನಾಂಗ, ಧರ್ಮ ನೋಡಬಾರದು ಎಂಬ ನಗರ ಕಾನೂನು ಬಂತು. 1951ರಲ್ಲಿ ಯಹೂದಿ ಸಮಾಜ ಮೌಂಟ್ ಸೈನಾಯ್ ಆಸ್ಪತ್ರೆ ತೆರೆಯಿತು. ತಮ್ಮನ್ನು ಹೊರಗಿಟ್ಟವರ ಮೇಲಿನ ಸಿಟ್ಟಿಗೆ ಅದನ್ನು 'ನಮ್ಮವರಿಗೆ ಮಾತ್ರ' ಅಂತ ಮಾಡಬಹುದಿತ್ತು. ಮಾಡಲಿಲ್ಲ. ಬೇರೆ ಕಡೆ ಜಾಗ ಸಿಗದ ಕಪ್ಪು ಡಾಕ್ಟರುಗಳಿಗೂ ಅಲ್ಲಿ ಬಾಗಿಲು ತೆರೆದಿತ್ತು.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಹೊರೆ ಪೆಟ್ಟು ತಿಂದವರ ಮೇಲೆ ಇರಬಾರದು. ಅದನ್ನು ಅಕ್ಕಪಕ್ಕದವರು ಎತ್ತಿಕೊಳ್ಳಬೇಕು. ಹಾಗೆ ಎತ್ತಿಕೊಂಡ ಊರು ಮೊಂಟಾನ ರಾಜ್ಯದ ಬಿಲ್ಲಿಂಗ್ಸ್. ಆಗ ಅಲ್ಲಿದ್ದದ್ದು ಸುಮಾರು 80,000 ಜನ, ಅದರಲ್ಲಿ ಯಹೂದಿಗಳು ತೀರ ಕಡಿಮೆ. 1993ರಲ್ಲಿ ಬಿಳಿಯ ಜನಾಂಗವಾದಿಗಳ ಕಾಟ ಶುರುವಾಯಿತು. ಕಪ್ಪುಜನರ ಚರ್ಚಿಗೆ ಹೋಗಿ ಹೆದರಿಸಿದರು. ಮೂಲನಿವಾಸಿ ಹೆಂಗಸೊಬ್ಬರ ಮನೆ ಗೋಡೆ ಮೇಲೆ ಕೆಟ್ಟ ಮಾತು ಬರೆದರು. ಊರಿನ ಪೇಂಟರುಗಳ ಸಂಘದವರು ತಾವಾಗಿ ಬಂದು ಆ ಗೋಡೆಗೆ ಹೊಸ ಬಣ್ಣ ಬಳಿದುಕೊಟ್ಟರು. ಡಿಸೆಂಬರ್ 2ರ ರಾತ್ರಿ ಒಂದು ಯಹೂದಿ ಮನೆಯ ಕಿಟಕಿಗೆ ಸಿಮೆಂಟ್ ಇಟ್ಟಿಗೆ ಬಿತ್ತು. ಅದು ಐದು ವರ್ಷದ ಮಗುವಿನ ಕೋಣೆ. ಹನುಕ್ಕಾ ಹಬ್ಬ ಹತ್ತಿರ ಬಂದಿತ್ತೆಂದು ಗಾಜಿನ ಮೇಲೆ ಮೆನೋರಾ, ಅಂದರೆ ಆ ಹಬ್ಬದ ದೀಪದ ಚಿತ್ರ, ಅಂಟಿಸಿದ್ದರು. ಚಿತ್ರ ತೆಗೆದುಬಿಡಿ ಎಂದು ಪೊಲೀಸರೊಬ್ಬರು ಸಲಹೆ ಕೊಟ್ಟರು. ತಾಯಿಗೆ ಅದು ಒಪ್ಪಿಗೆಯಾಗಲಿಲ್ಲ. ಮಗುವಿಗೆ ಏನಂತ ಹೇಳಲಿ ಎಂದು ಪತ್ರಿಕೆಯವರ ಮುಂದೆ ಕೇಳಿದರು.

ಆಮೇಲೆ ಆದದ್ದು ಪತ್ರಿಕೆಯ ಕೆಲಸ ಮಾಡುವ ನನ್ನಂಥವರು ಮರೆಯುವಂಥದ್ದಲ್ಲ. ಊರಿನ ದಿನಪತ್ರಿಕೆ 'ಬಿಲ್ಲಿಂಗ್ಸ್ ಗೆಜೆಟ್' ಒಂದು ಪೂರ್ತಿ ಪುಟ ಮೆನೋರಾ ಅಚ್ಚು ಹಾಕಿತು. ಕತ್ತರಿಸಿ ನಿಮ್ಮ ಕಿಟಕಿಗೆ ಅಂಟಿಸಿ ಎಂದಿತು. ಸಾವಿರಾರು ಕ್ರೈಸ್ತರ ಮನೆಗಳಲ್ಲಿ ಮೆನೋರಾ ಕಾಣಿಸಿಕೊಂಡಿತು. ಹಾಗೆ ಅಂಟಿಸಿದ ಕೆಲವು ಮನೆಗಳ, ಚರ್ಚುಗಳ ಗಾಜೂ ಒಡೆದವು. ಜನ ಹೆದರಿ ತೆಗೆಯಲಿಲ್ಲ. ಇನ್ನಷ್ಟು ಅಂಟಿಸಿದರು.

ಇದಕ್ಕೆ ಸೇರಿದ ಇನ್ನೊಂದು ವಿಷಯ ಇದೆ. ಈ ಯೋಚನೆ ಹೊಳೆದವರಿಗೆ ಡೆನ್ಮಾರ್ಕಿನ ರಾಜನ ಕತೆ ಸ್ಫೂರ್ತಿಯಾಗಿತ್ತು. ಯಹೂದಿಗಳು ಹಳದಿ ನಕ್ಷತ್ರ ತೊಡಬೇಕು ಅಂತ ನಾಜಿಗಳು ಹೇಳಿದಾಗ ರಾಜ ತಾನೇ ಅದನ್ನು ತೊಟ್ಟ ಅನ್ನುವ ಕತೆ. ಅದು ನಡೆದದ್ದಲ್ಲ. ಡೆನ್ಮಾರ್ಕಿನಲ್ಲಿ ಆ ಆಜ್ಞೆಯೇ ಬರಲಿಲ್ಲ. ನಡೆದದ್ದು ಅದಕ್ಕಿಂತ ದೊಡ್ಡದು. 1943ರ ಅಕ್ಟೋಬರ್‌ನಲ್ಲಿ ಸಾಮಾನ್ಯ ಡೇನ್ ಜನ, ಮೀನುಗಾರರು, 7,000ಕ್ಕೂ ಜಾಸ್ತಿ ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ಸಾಗಿಸಿದರು. ಮಕ್ಕಳಿಗೆ ಹೇಳುವುದಾದರೆ ಈ ದೋಣಿಗಳ ವಿಷಯ ಹೇಳಿ. ದ್ವೇಷ ಸುಳ್ಳಿನ ಮೇಲೆ ಬದುಕುತ್ತದೆ. ಅದರ ಎದುರು ನಿಲ್ಲುವವರು ಒಳ್ಳೆಯ ಉದ್ದೇಶದ ಸುಳ್ಳನ್ನೂ ಹಿಡಿಯಬಾರದು.

ಇಸ್ರೇಲ್ ವಿಷಯ. ಒಂದು ಸರ್ಕಾರದ ಯುದ್ಧವನ್ನು, ಅಲ್ಲಿ ಸಾಯುವ ಮಕ್ಕಳನ್ನು ನೋಡಿ ಸಿಟ್ಟಾಗುವುದು ಯಹೂದಿ ದ್ವೇಷ ಅಲ್ಲ. ಅನೇಕ ಯಹೂದಿಗಳೂ ಹಾಗೆ ಸಿಟ್ಟಾಗಿದ್ದಾರೆ. 2016ರಲ್ಲಿ ಹಲವು ದೇಶಗಳು ಸೇರಿ ಒಪ್ಪಿದ ಯಹೂದಿ ದ್ವೇಷದ ವ್ಯಾಖ್ಯೆ ಕೂಡ, ಬೇರೆ ದೇಶಗಳನ್ನು ಟೀಕಿಸುವಂತೆ ಇಸ್ರೇಲನ್ನು ಟೀಕಿಸಿದರೆ ಅದು ದ್ವೇಷವಲ್ಲ ಎನ್ನುತ್ತದೆ. ಆದರೂ ಕಾಲೇಜುಗಳಲ್ಲಿ ಮಾತು ಅಡಗಿಸಲು ಅದನ್ನು ಬಳಸುತ್ತಿದ್ದಾರೆ ಎಂದು, ಅದರ ಮೊದಲ ಕರಡು ಬರೆದವರಲ್ಲಿ ಮುಖ್ಯರಾದ ಕೆನೆತ್ ಸ್ಟರ್ನ್ ಅವರೇ ವಿರೋಧಿಸಿದ್ದಾರೆ. ನಾನು ಅವರ ಪಕ್ಷ. ಹಾಗೆಯೇ ಇದನ್ನೂ ಹೇಳುತ್ತೇನೆ: ಆ ಸರ್ಕಾರ ಮಾಡಿದ್ದಕ್ಕೆ ಸೇಂಟ್ ಲೂಯಿಸ್ ಇರುವ ಮಿಸೌರಿ ರಾಜ್ಯದ ಒಬ್ಬ ಹುಡುಗಿಯನ್ನು ಶಾಲೆಯಲ್ಲಿ ಬೈದರೆ, ಸಿನಗಾಗಿನ ಗಾಜು ಒಡೆದರೆ, ಅದು ದ್ವೇಷವೇ. ಅಲ್ಲಿ ಬೇರೆ ವಾದ ಇಲ್ಲ. ಅಮೆರಿಕದ ಜನಸಂಖ್ಯೆಯಲ್ಲಿ ಯಹೂದಿಗಳು ನೂರಕ್ಕೆ ಎರಡರಷ್ಟು. 2023ರಲ್ಲಿ ಅಲ್ಲಿ ಧರ್ಮದ ಕಾರಣಕ್ಕೆ ನಡೆದು ದಾಖಲಾದ ದ್ವೇಷದ ಅಪರಾಧಗಳಲ್ಲಿ ಮೂರರಲ್ಲಿ ಎರಡು ಪಾಲು ಅವರ ಮೇಲೆ ನಡೆದವು.

ಕೊನೆಗೆ, 'ನಮ್ಮ ಕಡೆ ಯಹೂದಿಗಳೇ ಇಲ್ಲ' ಎಂಬ ಮಾತು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯಹೂದಿ ಸ್ಮಶಾನ ಇದೆ. ಕೊಂಕಣದ ಬೆನೆ ಇಸ್ರೇಲಿಗಳು ಎಂಬ ಯಹೂದಿಗಳು ಗಾಣದ ಕೆಲಸ ಮಾಡಿಕೊಂಡು, ಶನಿವಾರ ಮಾತ್ರ ಗಾಣ ನಿಲ್ಲಿಸಿ, ತಲೆಮಾರುಗಳ ಕಾಲ ನೆಮ್ಮದಿಯಾಗಿ ಬದುಕಿದರು. ಇದು ನಾವು ಹೆಮ್ಮೆಪಡಬೇಕಾದ ವಿಷಯ. ಆದರೆ ಕಾರವಾರ ದಾಟಿದರೆ ಸಿಗುವ ಗೋವಾದ ಕತೆ ಬೇರೆ. ಗಾರ್ಸಿಯಾ ದ ಓರ್ತಾ ಎಂಬ ದೊಡ್ಡ ವೈದ್ಯ, ನಮ್ಮ ಗಿಡಮೂಲಿಕೆಗಳ ಬಗ್ಗೆ ಯುರೋಪಿಗೆ ತಿಳಿಸಿಕೊಟ್ಟವರು, ಅಲ್ಲಿ ಇದ್ದರು. ಅವರದು ಮತಾಂತರವಾದ ಯಹೂದಿ ಕುಟುಂಬ. 1569ರಲ್ಲಿ ಅವರ ತಂಗಿಯನ್ನು ಪೋರ್ಚುಗೀಸರ ಧರ್ಮ ನ್ಯಾಯಾಲಯ ಸುಡಿಸಿತು. ಅಷ್ಟರಲ್ಲಿ ಓರ್ತಾ ತೀರಿಕೊಂಡಿದ್ದರು. 1580ರಲ್ಲಿ ಅವರ ಮೂಳೆಗಳನ್ನು ಗೋರಿಯಿಂದ ತೆಗೆದು ಸುಟ್ಟರು. 2008ರ ನವೆಂಬರ್‌ನಲ್ಲಿ ಮುಂಬೈಗೆ ಬಂದ ಉಗ್ರರು ನರಿಮನ್ ಹೌಸನ್ನು ಹುಡುಕಿಕೊಂಡು ಹೋದದ್ದು ಅದು ಯಹೂದಿಗಳ ಮನೆ ಎಂದೇ.

ಅದಕ್ಕೂ ಮಿಗಿಲಾಗಿ, ಯಹೂದಿಗಳ ಬಗ್ಗೆ ಸುದ್ದಿ ನಮ್ಮ ಫೋನಿನಲ್ಲೇ ಇದೆ ಅಲ್ವಾ? ಯಹೂದಿ ಗರ್ಭಿಣಿಯರು ಲೆಕ್ಕ ಬಿಡಿಸುತ್ತಾರೆ, ಅದಕ್ಕೇ ಅವರ ಮಕ್ಕಳೆಲ್ಲ ಬುದ್ಧಿವಂತರು ಅನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬೇಕು. ಜಗತ್ತಿನ ಬ್ಯಾಂಕುಗಳೆಲ್ಲ ಒಂದು ಯಹೂದಿ ಮನೆತನದ ಕೈಯಲ್ಲಿವೆ ಅನ್ನುವುದೂ ಬಂದಿರಬೇಕು. ಒಂದು ಹೊಗಳಿಕೆ, ಒಂದು ತೆಗಳಿಕೆ. ಒಬ್ಬ ಯಹೂದಿಯನ್ನೂ ಕಾಣದೆ, ಅವರೆಲ್ಲ ಒಂದೇ ಅಚ್ಚು ಅಂತ ಎರಡೂ ನಂಬಿಸುತ್ತವೆ. ಎರಡನೆಯದರ ಬೇರು ಹಳೆಯದು. ಯಹೂದಿಗಳು ಜಗತ್ತನ್ನು ಆಳಲು ಸಂಚು ಮಾಡಿದ್ದಾರೆ ಎಂಬ ಖೋಟಾ ದಾಖಲೆ 1903ರಲ್ಲಿ ರಷ್ಯಾದಲ್ಲಿ ಅಚ್ಚಾಯಿತು. 1921ರಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆ ಅದು ಕದ್ದ ಬರಹ ಎಂದು ಬಯಲಿಗೆಳೆಯಿತು. ಅಷ್ಟರಲ್ಲಿ ಕಾರು ಕಂಪನಿಯ ಹೆನ್ರಿ ಫೋರ್ಡ್ ತನ್ನ ವಾರಪತ್ರಿಕೆಯಲ್ಲಿ ಅದನ್ನೇ ನಂಬಿ ವಾರಗಟ್ಟಲೆ ಬರೆಸಿ, ಕಾರು ಮಾರುವ ಅಂಗಡಿಗಳ ಮೂಲಕ ಹಂಚಿಸಿದ್ದ. ಮೊಕದ್ದಮೆ ಆದ ಮೇಲೆ 1927ರಲ್ಲಿ ಕ್ಷಮೆ ಕೇಳಿದ. ಕ್ಷಮೆ ಅಲ್ಲೇ ನಿಂತಿತು, ಸುಳ್ಳು ಮುಂದೆ ಹೋಯಿತು.

ಹತ್ತನೇ ತರಗತಿಯಲ್ಲಿ ನಾಜಿ ಜರ್ಮನಿಯ ಪಾಠ ಬಂದಾಗ ಕೊಂದ ಯಹೂದಿಗಳು ಅರವತ್ತು ಲಕ್ಷ ಎಂಬ ಸಂಖ್ಯೆಯಿಂದ ಶುರು ಮಾಡಬೇಡಿ. ಶಾಲೆಯಿಂದಲೇ ಶುರು ಮಾಡಿ. 1933ರ ಏಪ್ರಿಲ್‌ನ ಒಂದು ಕಾನೂನು ಯಹೂದಿ ಮೇಷ್ಟ್ರುಗಳನ್ನು ಸರ್ಕಾರಿ ಕೆಲಸದಿಂದ ತೆಗೆಯಲು ದಾರಿ ಮಾಡಿತು. 1938ರ ನವೆಂಬರ್‌ನಲ್ಲಿ ಉಳಿದಿದ್ದ ಯಹೂದಿ ಮಕ್ಕಳನ್ನೂ ಜರ್ಮನ್ ಶಾಲೆಗಳಿಂದ ಹೊರಹಾಕಿದರು. ಮರುದಿನ ಆ ತರಗತಿಯಲ್ಲಿ ಖಾಲಿ ಬೆಂಚು ನೋಡಿದ ಉಳಿದ ಮಕ್ಕಳು ಏನು ಮಾಡಬಹುದಿತ್ತು ಎಂದು ಕೇಳಿ. ಮಕ್ಕಳು ಕೊಡುವ ಉತ್ತರ, ಕೇಳುವ ಮರುಪ್ರಶ್ನೆ ಏನೇ ಇರಲಿ, ತಿದ್ದದೆ ಅವರ ಕೈಬರಹದಲ್ಲೇ ನಮಗೆ ಕಳಿಸಿಕೊಡಿ. ಎರಡು ಪುಟ ಅವರಿಗಾಗಿ ತೆಗೆದಿಡುತ್ತೇನೆ.

ವಂದನೆಗಳೊಂದಿಗೆ,
ಸಂಪಾದಕ