ಮೊದಲ ದಿನದಿಂದಲೇ ಬೇಜಾರು, ನನ್ನಲ್ಲೇ ದೋಷವಿದೆಯಾ?

ಪ್ರಶ್ನೆ: ಕೆಲಸಕ್ಕೆಂದು ಬೇರೆ ದೇಶಕ್ಕೆ ಬಂದು ನಾಲ್ಕು ತಿಂಗಳಾಯಿತು. ಮೊದಲು ಖುಷಿ, ಆಮೇಲೆ ಬೇಸರ, ಕೊನೆಗೆ ಹೊಂದಾಣಿಕೆ ಎಂದು ಎಲ್ಲರೂ ಹೇಳಿದ್ದರು. ನನಗೆ ಆ ಖುಷಿ ಬರಲೇ ಇಲ್ಲ. ಇಳಿದ ದಿನದಿಂದಲೇ ಸುಸ್ತು, ಬೇಜಾರು. ನನ್ನಲ್ಲೇ ಏನಾದರೂ ದೋಷವಿದೆಯಾ?

ಉತ್ತರ: ಇಲ್ಲ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ಆ ‘ಹಂತಗಳ’ ಚಿತ್ರದ ಮೇಲೆ ನನಗೆ ಸಿಟ್ಟು ಬರುತ್ತದೆ. ಅದರ ಮೂಲ ಏನು ಗೊತ್ತಾ? ಅಮೆರಿಕಕ್ಕೆ ಹೋಗಿಬಂದ ಸುಮಾರು 200 ನಾರ್ವೆಯವರನ್ನು ಮಾತಾಡಿಸಿ 1955ರಲ್ಲಿ ಸಮಾಜಶಾಸ್ತ್ರಜ್ಞ ಲಿಸ್ಗಾರ್ಡ್ ಬರೆದ ಒಂದು ಲೇಖನ. ಅಲ್ಲಿ ಕಡಿಮೆ ಕಾಲ ಇದ್ದವರನ್ನೂ ಹೆಚ್ಚು ಕಾಲ ಇದ್ದವರನ್ನೂ ಹೋಲಿಸಿದ್ದರು, ಅಷ್ಟೇ. ಒಬ್ಬರನ್ನೇ ಮೊದಲಿಂದ ಕೊನೆತನಕ ಗಮನಿಸಿದ್ದಲ್ಲ. ಕಾಲೀನ್ ವಾರ್ಡ್ ಮತ್ತು ಸಂಗಡಿಗರು ಆ ಕೆಲಸ ಮಾಡಿ 1998ರಲ್ಲಿ ಪ್ರಕಟಿಸಿದರು. ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿನ ವಿದ್ಯಾರ್ಥಿಗಳನ್ನು ಬಂದ 24 ಗಂಟೆಯೊಳಗೆ ಕೇಳಿದರು, ಆಮೇಲೆ 4, 6, 12 ತಿಂಗಳಿಗೆ ಮತ್ತೆ ಕೇಳಿದರು. ಜಾಸ್ತಿ ಕಷ್ಟ ಕಂಡದ್ದು ಶುರುವಿನಲ್ಲೇ, ನಿಮ್ಮ ಹಾಗೆಯೇ.

ಇನ್ನು ಸುಸ್ತಿನ ವಿಷಯ. ಸಂಸ್ಕೃತಿ ಅಂದರೆ ಬರೀ ಉಡುಗೆ, ಹಬ್ಬ ಅಲ್ಲ. ಕಣ್ಣು ಯಾವುದನ್ನು ಮೊದಲು ಹಿಡಿಯುತ್ತದೆ ಅನ್ನುವುದರಲ್ಲೂ ಅದು ಇದೆ. 2001ರಲ್ಲಿ ಮನೋವಿಜ್ಞಾನಿಗಳಾದ ಮಸುದಾ ಮತ್ತು ನಿಸ್ಬೆಟ್ ನೀರೊಳಗಿನ ದೃಶ್ಯಗಳನ್ನು ತೋರಿಸಿ, ಏನು ಕಂಡಿತೆಂದು ಕೇಳಿದರು. ಅಮೆರಿಕದವರು ಹೆಚ್ಚಾಗಿ ಎದುರಿನ ದೊಡ್ಡ ಮೀನಿನಿಂದ ಶುರುಮಾಡಿದರು. ಜಪಾನಿನವರು ನೀರು, ಗಿಡ, ಕಲ್ಲುಗಳ ಬಗ್ಗೆ ಅವರಿಗಿಂತ ತುಂಬಾ ಜಾಸ್ತಿ ಹೇಳಿದರು. ಚಿತ್ರ ಒಂದೇ, ನೋಟ ಬೇರೆ. ಮಾತಿನ ನಡುವಿನ ಮೌನ, ಎದುರಿನವರ ಮುಖಭಾವ, ಎಷ್ಟು ದೂರ ನಿಲ್ಲಬೇಕು ಅನ್ನುವುದು, ಇವೆಲ್ಲ ನಿಮ್ಮೂರಿನಲ್ಲಿ ತಾನಾಗಿ ತಿಳಿಯುತ್ತಿತ್ತು. ಈಗ ಒಂದೊಂದನ್ನೂ ಯೋಚಿಸಿ ಮಾಡಬೇಕು. ಸಂಜೆಗೆ ಸುಸ್ತಾಗದೆ ಇನ್ನೇನು?

ನನ್ನ ಬಳಿ ಬಂದ ಒಬ್ಬ ಯುವತಿಗೆ ಮೀಟಿಂಗ್ ಅಂದರೆ ಹೊಟ್ಟೆಯಲ್ಲಿ ಸಂಕಟ. ಹಿರಿಯರು ಕೇಳಿದರೆ ಹೇಳೋಣ ಎಂದು ಕಾಯುತ್ತಿದ್ದಳು. ಹೇಳುವುದಿದ್ದರೆ ಹೇಳುತ್ತಾಳೆ ಬಿಡು ಎಂದು ಬಾಸ್ ಸುಮ್ನೆ ಇರುತ್ತಿದ್ದರು. ‘ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ’ ಅಂತ ಅವಳು, ‘ಇವಳಿಗೆ ಆಸಕ್ತಿಯಿಲ್ಲ’ ಅಂತ ಅವರು. ಅವಳಿಗೆ ನಾನು ಹೇಳಿದ್ದು ಒಂದೇ ಕೆಲಸ: ರಾತ್ರಿ ಒಂದು ಘಟನೆ ಬರೆ. ನಡೆದದ್ದು ಏನು, ನಾನು ಅಂದುಕೊಂಡದ್ದು ಏನು, ಬೇರೆ ಏನಿರಬಹುದು. ಮೂರು ಸಾಲು ಸಾಕು. ಎರಡನೇ ವಾರ ಅವಳ ಮೂರನೇ ಸಾಲು ಹೀಗಿತ್ತು: ‘ಬಹುಶಃ ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.’ ಮರುದಿನ ಬಾಸ್ ಹತ್ತಿರ ನೇರವಾಗಿ ಕೇಳಿದಳು. ಅದು ನಿಜವಾಗಿತ್ತು.

ನೀವೂ ಬರೆಯಿರಿ. ನಿಮ್ಮ ಭಾಷೆಯಲ್ಲಿ ಮಾತಾಡುವವರ ಜೊತೆ ದಿನಕ್ಕೊಮ್ಮೆ ಹರಟಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ವಾರದಿಂದ ನಿದ್ದೆ, ಊಟ ಕೆಟ್ಟಿದ್ದರೆ, ಬದುಕು ಬೇಡ ಅನ್ನಿಸುತ್ತಿದ್ದರೆ, ಅದನ್ನು ‘ಸಂಸ್ಕೃತಿ’ಯ ಲೆಕ್ಕಕ್ಕೆ ಹಾಕಬೇಡಿ. ವೈದ್ಯರನ್ನು ನೋಡಿ, ಇವತ್ತೇ. ಈ ವಿಷಯದಲ್ಲಿ ನಾನು ಯಾವತ್ತೂ ಕಾದು ನೋಡಿ ಎಂದು ಹೇಳುವುದಿಲ್ಲ.

ಪ್ರಶ್ನೆ: ಸಂವಹನದಲ್ಲಿ ಶೇ 93 ದೇಹಭಾಷೆಯೇ ಅಂತೆ. ಭಾಷೆ ಕಲಿಯಲೇಬೇಕಾ?

ಉತ್ತರ: ಕಲಿಯಲೇಬೇಕು. ಆ ಅಂಕಿಯ ಮೂಲ ಮನೋವಿಜ್ಞಾನಿ ಮೆಹ್ರಾಬಿಯನ್. ಅವರು 1967ರಲ್ಲಿ ನೋಡಿದ್ದು ಮಾತು ಮತ್ತು ದನಿ-ಮುಖಭಾವ ತಾಳೆಯಾಗದಿದ್ದಾಗ ಇಷ್ಟಾನಿಷ್ಟ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಮಾತ್ರ. ಆ ಅಂಕಿಯನ್ನು ಎಲ್ಲ ಮಾತಿಗೂ ಅಂಟಿಸಿ ತರಬೇತಿ ಮಾರುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಯಾವ ದೇಶದವರ ಸ್ವಭಾವ ಹೇಗೆ, ಒಂದು ಪಟ್ಟಿ ಕೊಡಿ.

ಉತ್ತರ: ಕೊಡುವುದಿಲ್ಲ. ದೇಶದೇಶಗಳ ಸಂಸ್ಕೃತಿಯನ್ನು ಹೋಲಿಸಿ ಸಂಶೋಧಕ ಹಾಫ್‌ಸ್ಟೆಡ್ ಕೊಟ್ಟ ಅಂಕಗಳು ದೇಶದ ಸರಾಸರಿ, ನಿಮ್ಮ ಎದುರು ಕೂತವರ ಜಾತಕವಲ್ಲ.

ಪ್ರಶ್ನೆ: ಇದೆಲ್ಲ ರಕ್ತದಲ್ಲೇ ಬರುತ್ತದೆ, ಅಲ್ವಾ?

ಉತ್ತರ: ಅಲ್ಲ. 1984ರಲ್ಲಿ ಜೋನ್ ಮಿಲ್ಲರ್ ಭಾರತ ಮತ್ತು ಅಮೆರಿಕದವರನ್ನು ‘ಆತ ಹಾಗೇಕೆ ಮಾಡಿದ’ ಎಂದು ಕೇಳಿದಾಗ, ದೊಡ್ಡವರಲ್ಲಿ ಅಮೆರಿಕದವರು ಸ್ವಭಾವವನ್ನು, ಭಾರತದವರು ಸಂದರ್ಭವನ್ನು ಹೆಚ್ಚು ಕಾರಣ ಕೊಟ್ಟರು. ಎಂಟು ವರ್ಷದ ಮಕ್ಕಳಲ್ಲಿ ಆ ಅಂತರ ಅಷ್ಟಾಗಿ ಇರಲಿಲ್ಲ. ಬೆಳೆಯುತ್ತಾ ಕಲಿತದ್ದು ಅದು.