ಟಿವಿ ರೆಕಾರ್ಡಿಂಗ್ ಡಿವಿಡಿಗೆ: ಮರು ಎನ್‌ಕೋಡ್ ಯಾವಾಗ ಬೇಕು, ಯಾವಾಗ ಬೇಡ?

ಪ್ರಶ್ನೆ: ಸೆಟ್‌ಟಾಪ್ ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿದ ಒಂದೂವರೆ ಗಂಟೆಯ ಕಾರ್ಯಕ್ರಮವನ್ನು ಡಿವಿಡಿಗೆ ಹಾಕಲು ಹೋದರೆ ಕಂಪ್ಯೂಟರ್ ಗಂಟೆಗಟ್ಟಲೆ ಮರು ಎನ್‌ಕೋಡ್ (ವಿಡಿಯೊವನ್ನು ಬಿಚ್ಚಿ ಮತ್ತೆ ಸಂಕುಚಿಸುವುದು) ಮಾಡುತ್ತದೆ. ಇಷ್ಟಾದರೂ ಚಿತ್ರ ಮೂಲಕ್ಕಿಂತ ಮಸುಕು. ತಪ್ಪಿಸುವುದು ಹೇಗೆ?

ಉತ್ತರ: ಮೊದಲು ಆ ಫೈಲನ್ನು ಫೈಲಿನ ತಾಂತ್ರಿಕ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. ವಿಡಿಯೊ ಎಂಪೆಗ್-2 (ಡಿವಿಡಿ ಬಳಸುವ ಸಂಕುಚನ ವಿಧಾನ), ಅಳತೆ 720×576 ಅಥವಾ 704×576, ಸೆಕೆಂಡಿಗೆ 25 ಫ್ರೇಮ್, ಬಿಟ್‌ರೇಟ್ (ಸೆಕೆಂಡಿಗೆ ಖರ್ಚಾಗುವ ಡೇಟಾ) 9.8 ಎಂಬಿಪಿಎಸ್ ಒಳಗೆ, ಧ್ವನಿ 48 ಕಿಲೋಹರ್ಟ್ಸ್‌ನ ಎಂಪಿ2 ಅಥವಾ ಎಸಿ3 ಎಂದಿದ್ದರೆ ಚಿತ್ರವನ್ನು ಮುಟ್ಟುವ ಅಗತ್ಯವೇ ಇಲ್ಲ. ಪಾಲ್ (ಭಾರತದಲ್ಲಿ ಬಳಕೆಯ ಟಿವಿ ಮಾನದಂಡ) ಡಿವಿಡಿ ಕೇಳುವುದೂ ಇದನ್ನೇ. ಬದಲಾಗಬೇಕಾದ್ದು ಹೊದಿಕೆ ಮಾತ್ರ: ಪ್ರಸಾರದಲ್ಲಿ ಡೇಟಾ 188 ಬೈಟ್‌ಗಳ ಪ್ಯಾಕೆಟ್‌ಗಳಲ್ಲಿ ಬರುತ್ತದೆ, ಡಿವಿಡಿಯ ವಿಒಬಿ ಫೈಲಿನಲ್ಲಿ 2048 ಬೈಟ್‌ಗಳ ಪ್ಯಾಕ್‌ಗಳಲ್ಲಿ ಕೂರುತ್ತದೆ. ಈ ಕೆಲಸಕ್ಕೆ ಕೆಲವೇ ನಿಮಿಷ ಸಾಕು, ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ.

ರೆಕಾರ್ಡಿಂಗ್‌ನ ಟಿಎಸ್ ಫೈಲನ್ನು (ಪ್ರಸಾರದ ಪ್ಯಾಕೆಟ್‌ಗಳಿರುವ ಫೈಲ್) ಪ್ರಾಜೆಕ್ಟ್‌ಎಕ್ಸ್ ಎಂಬ ಸಾಫ್ಟ್‌ವೇರ್‌ಗೆ ಕೊಟ್ಟು ಡೀಮಕ್ಸ್ ಮಾಡಿ. ಚಿತ್ರ ಮತ್ತು ಧ್ವನಿ ಬೇರೆ ಬೇರೆ ಫೈಲಾಗುತ್ತವೆ. ಈ ಹಂತ ಬಿಡಬೇಡಿ. ಸಿಗ್ನಲ್ ಕೈಕೊಟ್ಟಾಗ ಪ್ಯಾಕೆಟ್‌ಗಳು ಕಳೆದುಹೋಗಿರುತ್ತವೆ; ಹಾಗೇ ಮುಂದುವರಿದರೆ ಮಾತಿಗೂ ತುಟಿಗೂ ಹೊಂದದೆ, ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಅಂತರ ಇನ್ನೂ ಹೆಚ್ಚಬಹುದು. ಪ್ರಾಜೆಕ್ಟ್‌ಎಕ್ಸ್ ಧ್ವನಿಯ ಖಾಲಿ ಜಾಗವನ್ನು ಮೌನದಿಂದ ತುಂಬಿ ಎರಡನ್ನೂ ಸರಿಹೊಂದಿಸುತ್ತದೆ.

ನಂತರ ಡಿವಿಡಿಸ್ಟೈಲರ್‌ನಂಥ, ಫೈಲುಗಳನ್ನು ಡಿವಿಡಿಯ ರೂಪಕ್ಕೆ ಜೋಡಿಸುವ ಆಥರಿಂಗ್ ಸಾಫ್ಟ್‌ವೇರ್. ಹೆಚ್ಚಿನವರು ಎಡವುವುದು ಇಲ್ಲೇ. ಟೈಟಲ್‌ನ (ಡಿಸ್ಕ್‌ಗೆ ಸೇರಿಸಿದ ಕಾರ್ಯಕ್ರಮದ) ಪ್ರಾಪರ್ಟೀಸ್‌ನಲ್ಲಿ ವಿಡಿಯೊ ಮತ್ತು ಆಡಿಯೊ ಎರಡಕ್ಕೂ 'ಕಾಪಿ' ಆಯ್ದುಕೊಂಡಿದ್ದೀರಾ ಎಂದು ಖಾತ್ರಿ ಮಾಡಿಕೊಳ್ಳಿ. ಶುರುಮಾಡಿದ ಮೇಲೂ ವೇಗ ನೋಡುತ್ತಿರಿ. ಅರ್ಧ ಗಂಟೆಯಾದರೂ ಮುಗಿಯದಿದ್ದರೆ ಅದು ಎನ್‌ಕೋಡ್ ಮಾಡುತ್ತಿದೆ ಎಂದೇ ಲೆಕ್ಕ, ನಿಲ್ಲಿಸಿಬಿಡಿ.

ಒಟ್ಟು 6 ಎಂಬಿಪಿಎಸ್ ಇದ್ದರೆ 4.7 ಜಿಬಿ ಡಿಸ್ಕ್‌ನಲ್ಲಿ ಸುಮಾರು 100 ನಿಮಿಷ ಹಿಡಿಸುತ್ತದೆ. ಅದಕ್ಕೂ ಉದ್ದವಾದರೆ ಹಿಂಡಿ ತುರುಕುವುದಕ್ಕಿಂತ ಎರಡು ಡಿಸ್ಕ್ ಮಾಡುವುದು ಅಥವಾ 8.5 ಜಿಬಿಯ ಡ್ಯುಯಲ್ ಲೇಯರ್ ಬಳಸುವುದು ಒಳ್ಳೆಯದು.

ಪ್ರಶ್ನೆ: ಜಾಹೀರಾತು ಕತ್ತರಿಸಿದರೆ ಮರು ಎನ್‌ಕೋಡ್ ಆಗಲೇಬೇಕಲ್ಲವೇ?

ಉತ್ತರ: ಬೇಕಿಲ್ಲ. ಎಂಪೆಗ್-2ನಲ್ಲಿ ಐ-ಫ್ರೇಮ್ ಮಾತ್ರ ಸ್ವತಂತ್ರ, ಅಂದರೆ ಪೂರ್ಣ ಚಿತ್ರ ಅದರಲ್ಲೇ ಇರುತ್ತದೆ. ಪಿ ಮತ್ತು ಬಿ ಫ್ರೇಮ್‌ಗಳು ಅಕ್ಕಪಕ್ಕದವನ್ನು ನೆಚ್ಚಿಕೊಂಡಿರುತ್ತವೆ. ಪ್ರಸಾರದಲ್ಲಿ ಸಾಮಾನ್ಯವಾಗಿ 12ರಿಂದ 15 ಫ್ರೇಮಿಗೊಂದು ಐ-ಫ್ರೇಮ್ ಇರುತ್ತದೆ, ಅಂದರೆ ಸುಮಾರು ಅರ್ಧ ಸೆಕೆಂಡಿಗೊಂದು. ಕಾರ್ಯಕ್ರಮ ಮತ್ತೆ ಶುರುವಾಗುವ ಜಾಗವನ್ನು ಐ-ಫ್ರೇಮ್ ಮೇಲೆಯೇ ಇಟ್ಟರೆ ಎನ್‌ಕೋಡ್ ಇಲ್ಲದೆ ಕತ್ತರಿಸಬಹುದು. ನಡುವೆ ಎಲ್ಲೋ ಕತ್ತರಿಸಿದರೆ ಆ ಜಾಗದಲ್ಲಿ ಒಂದು ಕ್ಷಣ ಚೌಕಳಿ ಚೌಕಳಿಯಾಗಿ ಚಿತ್ರ ಒಡೆಯುತ್ತದೆ. ಕರಾರುವಾಕ್ಕಾದ ಕತ್ತರಿಕೆಯೇ ಬೇಕೆಂದರೆ ವಿಡಿಯೊರೀಡೂ, ಕಟರ್‌ಮರನ್‌ನಂಥ ಸಾಫ್ಟ್‌ವೇರ್‌ಗಳು ಆ ಅಂಚಿನ ಕೆಲವು ಫ್ರೇಮ್‌ಗಳನ್ನಷ್ಟೇ ಹೊಸದಾಗಿ ಎನ್‌ಕೋಡ್ ಮಾಡುತ್ತವೆ. ಕಾರ್ಯಕ್ರಮ 16:9, ಜಾಹೀರಾತು 4:3 ಇದ್ದರೆ ಆಥರಿಂಗ್‌ಗೆ ಮುಂಚೆಯೇ ಕತ್ತರಿಸಿ. ಡಿವಿಡಿಯ ಒಂದು ಟೈಟಲ್ ಸೆಟ್‌ನಲ್ಲಿ (ಟೈಟಲ್‌ಗಳ ಗುಂಪಿನಲ್ಲಿ) ಎರಡು ಅನುಪಾತ ಇರುವಂತಿಲ್ಲ.

ಪ್ರಶ್ನೆ: ನನ್ನ ಫೈಲ್ 544×576 ಎಂದು ತೋರಿಸುತ್ತಿದೆ. ಇನ್ನೊಂದು ಎಚ್‌.264, 1080ಐ. ಇವುಗಳ ಗತಿ?

ಉತ್ತರ: ಎರಡೂ ಡಿವಿಡಿ ನಿಯಮದ ಹೊರಗಿನವು. ಮೊದಲನೆಯದರ ಹೆಡರ್‌ನಲ್ಲಿ (ಅಳತೆಯಂಥ ವಿವರ ಬರೆದಿರುವ ಭಾಗದಲ್ಲಿ) ಸುಳ್ಳು ಅಳತೆ ಬರೆದು ನಡೆಸುವ ಉಪಾಯವಿದೆ. ಕೆಲವು ಪ್ಲೇಯರ್ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಬಹುಕಾಲ ಉಳಿಸುವ ಡಿಸ್ಕ್‌ಗೆ ನಾವು ಅದನ್ನು ಸೂಚಿಸುವುದಿಲ್ಲ.

ಎಚ್‌.264 ಎಂಪೆಗ್-2 ಅಲ್ಲದ ಬೇರೆ ಸಂಕುಚನ ವಿಧಾನ, ಆದ್ದರಿಂದ ಆ ಫೈಲನ್ನು ಮರು ಎನ್‌ಕೋಡ್ ಮಾಡುವುದು ಅನಿವಾರ್ಯ. ಆದರೆ ಒಂದೇ ಸಲ ಮಾಡಿ: ಮೂಲ ಫೈಲಿನಿಂದ ನೇರ ಎಂಪೆಗ್-2ಗೆ, ನಡುವೆ ಎಂಪಿ4 ಆಗಲಿ ಎವಿಐ ಆಗಲಿ ಬೇಡ. 1080ಐನಲ್ಲಿ ಪ್ರತಿ ಫ್ರೇಮ್ ಎರಡು ಫೀಲ್ಡ್‌ಗಳಾಗಿ, ಅಂದರೆ ಬೆಸ ಮತ್ತು ಸಮ ಸಾಲುಗಳಾಗಿ ಬರುತ್ತದೆ; ಇದೇ ಇಂಟರ್‌ಲೇಸ್. ಇದನ್ನು ಲೆಕ್ಕಿಸದೆ ಚಿತ್ರ ಕುಗ್ಗಿಸಿದರೆ ಎರಡು ಫೀಲ್ಡ್‌ಗಳು ಕಲಸಿಹೋಗುತ್ತವೆ, ಆದ್ದರಿಂದ ಸ್ಕೇಲಿಂಗ್‌ನಲ್ಲಿ ಇಂಟರ್‌ಲೇಸ್ ಆಯ್ಕೆಯನ್ನು ಚಾಲೂ ಮಾಡಿ. ಫೀಲ್ಡ್ ಕ್ರಮ ಮೂಲದಲ್ಲಿದ್ದಂತೆಯೇ ಇರಲಿ, ಸಾಮಾನ್ಯವಾಗಿ ಮೇಲಿನ ಫೀಲ್ಡ್ ಮೊದಲು. ಮೊದಲು ಐದು ನಿಮಿಷದ ತುಣುಕನ್ನು ಡಿವಿಡಿ-ಆರ್‌ಡಬ್ಲ್ಯೂಗೆ (ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕ್‌ಗೆ) ಬರೆದು ಟಿವಿಯಲ್ಲಿ ಹಾಕಿ. ಪರದೆಯ ಕೆಳಗೆ ಓಡುವ ಅಕ್ಷರಪಟ್ಟಿಯಿರುವ ಭಾಗವಾದರೆ ಒಳ್ಳೆಯದು. ಕ್ರಮ ತಪ್ಪಿದ್ದರೆ ಅಕ್ಷರಗಳು ಹಿಂದೆ ಮುಂದೆ ನಡುಗುವುದು ಅಲ್ಲಿ ತಕ್ಷಣ ಕಾಣುತ್ತದೆ.