ಬಿಳುಚುವ ಬೆರಳು, ಭುಗಿಲೇಳುವ ಮೈ

ಗದಗ ತಾಲೂಕಿನ 43 ವರ್ಷದ ಓದುಗರೊಬ್ಬರು ಬರೆದಿದ್ದಾರೆ: “ದೀಪಾವಳಿ ದಾಟಿತಂದ್ರ ಮುಂಜಾನೆ ಭಾಂಡೆ ತಿಕ್ಕೂ ಹೊತ್ನ್ಯಾಗ ಬೆರಳು ಸುಣ್ಣ ಬಳದಂಗ ಬೆಳ್ಳಗ ಆಗ್ತಾವ. ಬ್ಯಾಸಿಗ್ಯಾಗ ರೊಟ್ಟಿ ಬಡಿಯಾಕ ಕುಂತ್ರ ಮೈ ಭುಗಿಲ್ ಅಂತದ, ಹಿಂದss ನಡುಕ. ಎರಡು ವರ್ಷಾತು. ಮನ್ಯಾಗ ‘ನಿಂದೇನು ನಾಜೂಕು’ ಅಂತಾರ. ತಲಿಶೂಲಿಗೆ ಪ್ರೊಪ್ರನೊಲಾಲ್ ಗುಳಿಗಿ ತೊಗೋತೀನಿ. ನಂದು ಉಷ್ಣ ದೇಹಾನೋ, ಥಂಡಿ ದೇಹಾನೋ? ಹದಿನಾರು ವರ್ಷದ ಮಗಳಿಗೂ ಥಂಡಿ ತಡಿಯಂಗಿಲ್ಲ.”

ಅಕ್ಕಾವರ,

ಇದು ನಾಜೂಕಲ್ಲ. ಬೆರಳಿನ ಬಣ್ಣವನ್ನು ಯಾರೂ ಬೇಕೆಂದು ಬದಲಿಸಲಾರರು. ನಿಮ್ಮ ಪತ್ರದಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ಅವನ್ನು ಒಂದೇ ಗಂಟು ಕಟ್ಟಿ ಉಷ್ಣ, ಥಂಡಿ ಎಂದು ಹೆಸರಿಟ್ಟರೆ ಎರಡಕ್ಕೂ ಔಷಧ ಸಿಗುವುದಿಲ್ಲ.

ಮೊದಲು ಬೆರಳಿನ ಮಾತು. ತಣ್ಣೀರು ತಾಗಿದರೆ ಬೆರಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಬಿಗಿಯುತ್ತವೆ. ಇದು ಎಲ್ಲರಿಗೂ ಆಗುವುದೇ. ಕೆಲವರಲ್ಲಿ ಬಿಗಿತ ಅತಿಯಾಗಿ ರಕ್ತ ನಿಂತೇಹೋದಂತಾಗುತ್ತದೆ. ಆಗ ಬೆರಳು ಬಿಳುಚುತ್ತದೆ, ಆಮೇಲೆ ನೀಲಿಯಾಗುತ್ತದೆ, ರಕ್ತ ಮರಳಿದಾಗ ಕೆಂಪಾಗಿ ಜುಮುಗುಡುತ್ತದೆ. ಬಿಳುಪು ಎಲ್ಲಿ ಮುಗಿಯಿತು ಎಂಬುದಕ್ಕೆ ಗೆರೆ ಎಳೆದಂಥ ಗಡಿ ಕಾಣುತ್ತದೆ. ಫ್ರಾನ್ಸಿನ ವೈದ್ಯ ಮೊರೀಸ್ ರೇನೋ 1862ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಇದಕ್ಕೆ ಉಳಿದಿದೆ. ಮುಂದಿನ ಸಲ ಬಿಳುಚಿದ ಕೂಡಲೇ ಎರಡೂ ಕೈಯ ಫೋಟೋ ತೆಗೆಸಿಡಿ. ದವಾಖಾನೆ ಮುಟ್ಟುವಷ್ಟರಲ್ಲಿ ಬೆರಳು ಸರಿಯಾಗಿರುತ್ತದೆ, ಡಾಕ್ಟರಿಗೆ ತೋರಿಸಲು ಏನೂ ಇರುವುದಿಲ್ಲ.

ಹರೆಯದಲ್ಲಿ ಶುರುವಾಗುವ ರೇನೋ ಬಹುಪಾಲು ನಿರುಪದ್ರವಿ. ನಿಮ್ಮದು 40 ದಾಟಿದ ಮೇಲೆ ಬಂದಿದೆ, ಹಿಂದೆ ಬೇರೆ ರೋಗ ಅಡಗಿರಬಹುದು, ಅದಕ್ಕೇ ತೋರಿಸಲೇಬೇಕು ಎನ್ನುತ್ತೇನೆ. ಬೆರಳ ತುದಿಯಲ್ಲಿ ಹುಣ್ಣು, ಚರ್ಮ ಬಿಗಿದು ಗಟ್ಟಿಯಾಗುವುದು, ಗಂಟುನೋವು, ಒಂದೇ ಕೈಗೆ ಆಗುವುದು, ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡಬೇಡಿ. ಮೈಯ ರಕ್ಷಣಾ ವ್ಯವಸ್ಥೆ ತನ್ನ ಮೈಯನ್ನೇ ಕಾಡುತ್ತಿದೆಯೇ ಎಂದು ತಿಳಿಯಲು ಎಎನ್‌ಎ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ, ಉಗುರಿನ ಬುಡದ ನಾಳಗಳನ್ನು ದೊಡ್ಡದಾಗಿ ತೋರುವ ಮಸೂರದಿಂದ ನೋಡುತ್ತಾರೆ.

ಇನ್ನು ನಿಮ್ಮ ಗುಳಿಗೆ. ಪ್ರೊಪ್ರನೊಲಾಲ್ ಕೈಕಾಲು ತಣ್ಣಗಾಗಿಸುತ್ತದೆ, ರೇನೋ ಹೆಚ್ಚಿಸಲೂಬಹುದು. ಹಾಗೆಂದು ನಾಳೆಯೇ ಬಿಡಬೇಡಿ. ಏಕಾಏಕಿ ನಿಲ್ಲಿಸಿದರೆ ಎದೆಬಡಿತ ಏರುತ್ತದೆ. “ಬೆರಳು ಬಿಳುಚುತ್ತವೆ, ಬೇರೆ ಗುಳಿಗೆ ಇದೆಯೇ?” ಎಂದು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಮೂಗು ಕಟ್ಟಿದಾಗ ನುಂಗುವ ಕೆಲವು ನೆಗಡಿ ಗುಳಿಗೆಗಳೂ ನಾಳ ಬಿಗಿಸುತ್ತವೆ, ಕೇಳದೆ ಕೊಳ್ಳಬೇಡಿ.

ಬಿಳುಚಿದಾಗ ಕೈಯನ್ನು ಒಲೆಯ ಮುಂದೆ ಹಿಡಿಯುವುದು ದೊಡ್ಡ ತಪ್ಪು. ಜೋಮುಹಿಡಿದ ಬೆರಳಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ. 37ರಿಂದ 40 ಡಿಗ್ರಿಯ ಉಗುರುಬೆಚ್ಚಗಿನ ನೀರು ಸಾಕು, ಅದನ್ನೂ ಮೊಳಕೈಯಿಂದ ಅಥವಾ ಮನೆಯವರ ಕೈಯಿಂದ ಪರೀಕ್ಷಿಸಿ ನಂತರವೇ ಬೆರಳು ಅದ್ದಿ. ಭಾಂಡೆಗೆ ರಬ್ಬರ್ ಕೈಗವಸು, ಅದರೊಳಗೆ ತೆಳು ಹತ್ತಿಯ ಕೈಗವಸು. ಇದಕ್ಕಿಂತ ಮುಖ್ಯ, ಎದೆ ಮತ್ತು ತಲೆ ಬೆಚ್ಚಗಿರಬೇಕು. ಮೈ ತಣ್ಣಗಾದರೆ ಮಿದುಳು ಮೊದಲು ಕಡಿತ ಮಾಡುವುದು ಬೆರಳಿನ ರಕ್ತವನ್ನೇ. ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಅರಿವೆ ಮೇಲು. ನಮ್ಮ ಕೌದಿಯ ಗುಣವೂ ಅದೇ: ಹಳೆಯ ಸೀರೆಗಳ ಪದರಗಳ ನಡುವೆ ಸಿಕ್ಕ ಗಾಳಿಯೇ ಬೆಚ್ಚಗಿಡುವುದು. ಮಳೆಗಾಲದಲ್ಲಿ ಕೌದಿ ತೇವ ಹೀರಿದರೆ ಆ ಗುಣ ಹೋಗುತ್ತದೆ, ಬಿಸಿಲು ಬಿದ್ದ ದಿನ ಒಣಗಿಸಲೇಬೇಕು.

ಮೈ ಭುಗಿಲೆನ್ನುವುದು ಬೇರೆ. ಎದೆಯಿಂದ ಮುಖಕ್ಕೆ ಕಾವು ಏರಿ, ಕೆಲವು ನಿಮಿಷ ಇದ್ದು, ಬೆವರಿ, ಆಮೇಲೆ ಚಳಿ ಹುಟ್ಟಿದರೆ ಈ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಮುಂಚಿನ ಬದಲಾವಣೆಯೇ ಆಗಿರುವ ಸಂಭವ ಹೆಚ್ಚು. ಮೈಯ ಕಾವು ತುಸು ಏರಿದರೂ ಮಿದುಳು ಅದನ್ನು ತಾಳದೆ ಬೆವರು ಹರಿಸುತ್ತದೆ. ಖಾರ, ಬಿಸಿ ಚಹಾ ಇದನ್ನು ಕೆರಳಿಸುತ್ತವೆ. ಸುಮಾರು 43 ಡಿಗ್ರಿಯ ಬಿಸಿಗೆ ಎಚ್ಚರಾಗುವ ನರದ ಗ್ರಾಹಕ, ಅಂದರೆ ಬಿಸಿಯನ್ನು ಗುರುತಿಸುವ ಪ್ರೋಟೀನೇ, ಮೆಣಸಿನಕಾಯಿಯ ಖಾರಕ್ಕೂ ಎಚ್ಚರಾಗುತ್ತದೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಕಾಯಿ ನಿಮಗೆ ತಕ್ಕದ್ದು. ಆದರೆ ಸುಮ್ಮನೆ ಕೂತಾಗಲೂ ನಾಡಿ ನಿಮಿಷಕ್ಕೆ 100 ದಾಟಿ, ತೂಕ ಇಳಿದು, ಕೈ ನಡುಗಿದರೆ ಅದು ಥೈರಾಯ್ಡ್ ಹೆಚ್ಚಾದ ಸೂಚನೆ. ನೀವು ತೆಗೆದುಕೊಳ್ಳುವ ಗುಳಿಗೆ ನಾಡಿಯನ್ನು ಇಳಿಸಿ ಇದನ್ನು ಮರೆಮಾಡಬಹುದು, ಆದ್ದರಿಂದ ನಾಡಿಯೊಂದನ್ನೇ ನಂಬದೆ ರಕ್ತ ತೋರಿಸಿ.

ಗದಗಿನ ಸರ್ಕಾರಿ ಆಸ್ಪತ್ರೆ ಜಿಮ್ಸ್ ಅಥವಾ ಹುಬ್ಬಳ್ಳಿಯ ಕಿಮ್ಸ್‌ನ (ಈಗಿನ ಹೆಸರು ಕೆಎಂಸಿ-ಆರ್‌ಐ) ಮೆಡಿಸಿನ್ ವಿಭಾಗಕ್ಕೆ ಹೋದಾಗ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ತೋರಿಸುವ ಟಿಎಸ್‌ಎಚ್, ಬಿ12, ಸಕ್ಕರೆ ಇವಿಷ್ಟರ ಬಗ್ಗೆ ಕೇಳಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಅದು ಸರಿಯಿದ್ದೂ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಬರಿದಾಗಿರಬಹುದು, ಥಂಡಿ ತಡೆಯದವರಲ್ಲಿ ಇದನ್ನೂ ನೋಡಬೇಕು. ಜ್ವರ ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ, ಆಗ ಮಾಡಿಸಬೇಡಿ. ಕೂದಲಿಗೆಂದು ಬಯೋಟಿನ್ ಗುಳಿಗೆ ನುಂಗುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಅದು ಥೈರಾಯ್ಡ್ ವರದಿಯನ್ನೇ ಕೆಡಿಸುತ್ತದೆ.

ಹೋಗುವ ಮುನ್ನ 14 ದಿನ ಒಂದು ನೋಟ್‌ಬುಕ್ ಬರೆಯಿರಿ. ತೊಂದರೆ ಬಂದ ಹೊತ್ತು, ಎಷ್ಟು ನಿಮಿಷ ಇತ್ತು, ಮೈಯ ಯಾವ ಭಾಗ, ನಾಡಿ, ಮುಟ್ಟಿನ ದಿನ, ಕೋಣೆಯ ತಾಪಮಾನ. ತಾಪಮಾಪಕವನ್ನು ಒಲೆಯ ಹತ್ತಿರವಾಗಲಿ ಬಿಸಿಲು ಕಾಯುವ ಗೋಡೆಗಾಗಲಿ ತೂಗುಹಾಕಬೇಡಿ.

ರೊಟ್ಟಿಯನ್ನು ಬೇಸಿಗೆಯಲ್ಲಿ ಬೆಳಗಿನ 7ರೊಳಗೆ ಮುಗಿಸಿ, ಹತ್ತು ರೊಟ್ಟಿಗೊಮ್ಮೆ ಏಳಿ. ಗದಗಿನ ಒಣ ಗಾಳಿಗೆ ಕುತ್ತಿಗೆಯ ಮೇಲಿನ ಒದ್ದೆ ಪಂಜೆ ಬಹಳ ಕೆಲಸ ಮಾಡುತ್ತದೆ. ಶ್ರಾವಣದ ಧಾರವಾಡದಲ್ಲಿ ಅದೇ ಪಂಜೆ ಬರೀ ಭಾರ, ತೇವದ ಗಾಳಿಯಲ್ಲಿ ನೀರು ಆರುವುದಿಲ್ಲ. ಕೂಲರ್ ಹಚ್ಚಿದರೆ ಎದುರಿನ ಕಿಟಕಿ ತೆರೆದಿರಲಿ. ಕೋಣೆ 40 ಡಿಗ್ರಿ ದಾಟಿದರೆ ಫ್ಯಾನ್ ಮೈ ತಂಪಾಗಿಸದು, ಕಾಯಿಸುತ್ತದೆ. ಮೈ ಸುಡುತ್ತ ಮಾತು ತಡವರಿಸಿದರೆ ನೀರು ಸುರಿಯುತ್ತಲೇ 108ಕ್ಕೆ ಫೋನ್ ಮಾಡಿಸಿ.

‘ಉಷ್ಣ’ ಎಂದು ತತ್ತಿ, ‘ಥಂಡಿ’ ಎಂದು ಮೊಸರು, ಹಣ್ಣು ಬಿಡುತ್ತ ಹೋದರೆ ತಾಟಿನಲ್ಲಿ ಉಳಿಯುವುದೇನು? ಈ ಪಥ್ಯದಿಂದ ಸೊರಗುವವರು ಹೆಂಗಸರೇ, ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಹೆಸರುಕಾಳಿನ ಪಲ್ಯಕ್ಕೆ ನಿಂಬೆ ಹಿಂಡಿಕೊಳ್ಳಿ, ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇಡಿ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ನಿಂಬೆ ಹತ್ತಿಸುತ್ತದೆ.

ಮಗಳ ವಯಸ್ಸಿನಲ್ಲಿ ಥಂಡಿ ತಡೆಯದಿರುವುದಕ್ಕೆ ಮೊದಲು ಹುಡುಕಬೇಕಾದ್ದು ರಕ್ತಹೀನತೆ. ಥೈರಾಯ್ಡ್ ಮತ್ತು ರೇನೋ ಮನೆತನದಲ್ಲಿ ಹರಿಯುವುದೂ ಉಂಟು. ಅವಳಿಗೆ ಮುಟ್ಟು ಹೆಚ್ಚು ಹೋಗುತ್ತದೆಯೇ ಕೇಳಿ, ನೀವು ಹೋಗುವ ದಿನವೇ ಅವಳನ್ನೂ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸಿ. ವರದಿ ಬಂದ ಮೇಲೆ ಬರೆಯಿರಿ.

– ಸಂಪಾದಕ